ಬೇಗಡೆ, ನೆಗೆಟಿವ್ ಮತ್ತು ಒಂದು ಸುಳ್ಳು ಮೀನು

11 ಸೆಂಟಿಮೀಟರ್ ಉದ್ದ, ಸುಮಾರು 6 ಗ್ರಾಂ ತೂಕ. ಅಂದ್ರೆ ನಾವು ಪರೀಕ್ಷೆ ಬರೆಯೋ ಬಾಲ್ ಪೆನ್ನಿಗಿಂತ ಸ್ವಲ್ಪ ಗಿಡ್ಡ, ತೂಕ ಹೆಚ್ಚುಕಮ್ಮಿ ಅಷ್ಟೇ. ಮೇಲೆ ಕಪ್ಪು ಬೆನ್ನು, ಪಕ್ಕದಲ್ಲಿ ಹೊಳಪು, ಕೆಳಗೆ ಬಿಳಿ ಹೊಟ್ಟೆ, ಎರಡು ಕಣ್ಣು, ಹೊಟ್ಟೆಯ ಕೆಳಗೆ ಮೂರು ಮೂರು ಮೊನೆಯ ಕೊಕ್ಕೆಗಳು. ಮುಖದ ಮುಂದೆ ಗಲ್ಲದ ಹಾಗೆ ಚಾಚಿಕೊಂಡ ಒಂದು ಸಣ್ಣ ತಗಡು. ನೀರಿಗೆ ಬಿಟ್ಟು ದಾರ ಎಳೆದರೆ ಪೆಟ್ಟು ತಿಂದ ಮೀನಿನ ಹಾಗೆ ಹೊಯ್ದಾಡುತ್ತಾ ಬರುತ್ತದೆ. ಇದಕ್ಕೆ ಲ್ಯೂರ್ ಅಂತಾರೆ. ನಮ್ಮ ಮಾತಲ್ಲಿ ಹೇಳಬೇಕಂದ್ರೆ ಸುಳ್ಳು ಮೀನು. ಗಾಳಕ್ಕೆ ಎರೆಹುಳು ಸಿಕ್ಕಿಸೋ ಬದಲು ಇದನ್ನೇ ಕಟ್ಟೋದು. ದೊಡ್ಡ ಮೀನು ಇದನ್ನು ನಿಜವಾದ ಮೀನು ಅಂದುಕೊಂಡು ಬಂದು ಕಚ್ಚುತ್ತದೆ.

ಜಗತ್ತಿನಲ್ಲಿ ಗಾಳ ಹಾಕುವ ಹವ್ಯಾಸ ಇರುವವರಿಗೆ ಈ ಸುಳ್ಳು ಮೀನಿನ ಹೆಸರು ಗೊತ್ತಿರುತ್ತದೆ: ರಾಪಲಾ. ಅದು ಕಂಪನಿಯ ಹೆಸರಾಗುವ ಮೊದಲು ಒಬ್ಬ ಬಡ ಮೀನುಗಾರರ ಹೆಸರಾಗಿತ್ತು. ಫಿನ್ಲೆಂಡಿನ ಲೌರಿ ರಾಪಲಾ. ಲಾರಿ ಅಂತ ಓದಬೇಡಿ, ನಗು ಬರುತ್ತೆ. ಅವರ ಭಾಷೆಯಲ್ಲಿ ಅದು ಲೌರಿ.

ಈ ಸಲ ಅವರ ಜೀವನದ ಬಗ್ಗೆ ಬರೆಯೋಣ ಅಂದುಕೊಂಡೆವು. ಕಾರಣ ಇಷ್ಟೇ. ಹೊಸ ವಸ್ತು ಕಂಡುಹಿಡಿದವರ ಕಥೆಗಳಲ್ಲಿ ಐಡಿಯಾ ಹೊಳೆದ ಕ್ಷಣವನ್ನೇ ಎಲ್ಲರೂ ಹೇಳುತ್ತಾರೆ. ಆ ವಸ್ತು ನೀರಲ್ಲಿ ನೆನೆಯದೆ, ಹಲ್ಲಿಗೆ ಸಿಕ್ಕಿ ಒಡೆಯದೆ, ನಾಳೆ ಮತ್ತೆ ಕೆಲಸ ಮಾಡುವ ಹಾಗೆ ಉಳಿಯಬೇಕಲ್ಲ, ಆ ಕೆಲಸದ ಬಗ್ಗೆ ಯಾರೂ ಮಾತಾಡಲ್ಲ. ಲೌರಿಯವರ ಬದುಕಿನ ಬಹುಪಾಲು ಹೋಗಿದ್ದು ಆ ಎರಡನೇ ಕೆಲಸಕ್ಕೇ.

ಪಾದ್ರಿ ಬರೆದ ಹೆಸರು

ಲೌರಿ ಹುಟ್ಟಿದ್ದು 1905ರ ನವೆಂಬರ್ 27ರಂದು, ಸಿಸ್ಮಾ ಅನ್ನೋ ಊರಿನ ಕಡೆ. ಆಗ ಫಿನ್ಲೆಂಡ್ ಸ್ವತಂತ್ರ ದೇಶವೇ ಅಲ್ಲ, ರಷ್ಯಾದ ಚಕ್ರವರ್ತಿಯ ಕೈಕೆಳಗಿತ್ತು. ಸ್ವಾತಂತ್ರ್ಯ ಬಂದಿದ್ದು 1917ರಲ್ಲಿ, ಹುಡುಗನಿಗೆ 12 ವರ್ಷ ಆದಮೇಲೆ.

ಅವನಿಗೆ ಏಳು ವರ್ಷ ಇದ್ದಾಗ ತಾಯಿ ಮರಿ ಅವನನ್ನು ಕರೆದುಕೊಂಡು ಆಸಿಕ್ಕಲಾ ಅನ್ನೋ ಕಡೆಗೆ ಬಂದರು. ಅಲ್ಲಿನ ಚರ್ಚಿನ ದಾಖಲೆಯಲ್ಲಿ ಹೆಸರು ಬರೆಸಬೇಕಿತ್ತು. ಅವರ ಮನೆತನದ ಹೆಸರು ಸಾರಿನೆನ್. ಆದರೆ ಪಾದ್ರಿಗೆ ಅದು ನೆನಪಾಗಲಿಲ್ಲವಂತೆ. ಅವರು ಬಂದ ಹಳ್ಳಿಯ ಹೆಸರನ್ನೇ ಮನೆತನದ ಹೆಸರಿನ ಜಾಗದಲ್ಲಿ ಬರೆದುಬಿಟ್ಟರು. ಆ ಹಳ್ಳಿಯ ಹೆಸರು ರಾಪಲಾ. ಫಿನ್ನಿಶ್ ಭಾಷೆಯಲ್ಲಿ ರಾಪಾ ಅಂದ್ರೆ ಕೆಸರು. ನಮ್ಮಲ್ಲೂ ಊರಿನ ಹೆಸರೇ ಇನಿಷಿಯಲ್ ಆಗಿ ಜೀವನಪೂರ್ತಿ ಜೊತೆಗೆ ಬರೋದು ಗೊತ್ತಲ್ಲ, ಹಾಗೇ ಆಯ್ತು. ವ್ಯತ್ಯಾಸ ಏನಂದ್ರೆ, ಒಬ್ಬ ಪಾದ್ರಿಯ ಮರೆವಿನಿಂದ ಬಂದ ಆ ಹೆಸರು ಮುಂದೆ ಲಕ್ಷಾಂತರ ಡಬ್ಬಿಗಳ ಮೇಲೆ ಅಚ್ಚಾಯಿತು.

ಆಸಿಕ್ಕಲಾ ಇರೋದು ಪೈಯಾನ್ನೆ ಅನ್ನೋ ಸರೋವರದ ದಕ್ಷಿಣ ತುದಿಯಲ್ಲಿ. ಸರೋವರ ಅಂದ್ರೆ ನಮ್ಮೂರಿನ ಕೆರೆಯ ಲೆಕ್ಕ ಇಟ್ಟುಕೊಳ್ಳಬೇಡಿ. ಇದು ಫಿನ್ಲೆಂಡಿನ ಎರಡನೇ ಅತಿದೊಡ್ಡ ಸರೋವರ. ಕೆಲವು ಕಡೆ ಆಳ 95 ಮೀಟರ್ ದಾಟುತ್ತದೆ. ನೀರು ಎಷ್ಟು ಚೆನ್ನಾಗಿದೆ ಅಂದ್ರೆ, ಇವತ್ತು ರಾಜಧಾನಿ ಹೆಲ್ಸಿಂಕಿಯ ಜನ ಕುಡಿಯೋದು ಈ ಸರೋವರದ ನೀರನ್ನೇ. ಬಂಡೆ ಕೊರೆದು ಮಾಡಿದ 120 ಕಿಲೋಮೀಟರ್ ಉದ್ದದ ಸುರಂಗದಲ್ಲಿ ಆ ನೀರು ಹೋಗುತ್ತದೆ. ಸಿವಿಲ್ ಗೆಳೆಯರು ಬಿಡುವಾದಾಗ ಆ ಸುರಂಗದ ಬಗ್ಗೆ ಓದಿ, ಅದೇ ಒಂದು ಬೇರೆ ಲೇಖನ ಆಗುತ್ತೆ.

ಹೊಟ್ಟೆಪಾಡು ಮತ್ತು ನೂರಾರು ಕೊಕ್ಕೆ

1928ರಲ್ಲಿ ಲೌರಿಯವರು ಎಲ್ಮಾ ಎಂಬುವರನ್ನು ಮದುವೆಯಾದರು. ಮಕ್ಕಳಾದವು. ಮುಂದಿನ ವರ್ಷವೇ ಜಗತ್ತಿನ ಆರ್ಥಿಕತೆ ಕುಸಿಯಿತು. ಆ ಮಹಾಕುಸಿತ ನ್ಯೂಯಾರ್ಕಿನ ಷೇರುಪೇಟೆಯ ಕಥೆ ಅಂತ ನಾವು ಓದಿರುತ್ತೇವೆ. ಆದರೆ ಅದರ ಬಿಸಿ ಕಾಡಿನ ಮರ ಮಾರಿ ಬದುಕುತ್ತಿದ್ದ ಫಿನ್ಲೆಂಡಿಗೂ ತಟ್ಟಿತು. ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟುತ್ತದೆ, ಆಗ ಕಾಡಿನಲ್ಲಿ ಮರ ಕಡಿಯೋ ಕೂಲಿ. ಬೇಸಿಗೆಯಲ್ಲಿ ಮಂಜುಗಡ್ಡೆ ಕರಗಿದಮೇಲೆ ಮೀನು ಹಿಡಿಯೋದು. ಲೌರಿಯವರ ವರ್ಷ ಹೀಗೆ ಎರಡು ಭಾಗವಾಗಿ ನಡೆಯುತ್ತಿತ್ತು.

ಮೀನು ಹಿಡಿಯೋದು ಅಂದ್ರೆ ದಡದಲ್ಲಿ ಕೂತು ಕನಸು ಕಾಣೋದಲ್ಲ. ಒಂದು ಉದ್ದನೆಯ ಹಗ್ಗ, ಅದಕ್ಕೆ ಸಾಲಾಗಿ ನೂರಾರು ಕೊಕ್ಕೆ. ಪ್ರತಿಯೊಂದು ಕೊಕ್ಕೆಗೂ ಒಂದೊಂದು ಸಣ್ಣ ಮೀನು ಸಿಕ್ಕಿಸಬೇಕು. ಆ ಸಣ್ಣ ಮೀನನ್ನು ಮೊದಲು ಹಿಡಿದು ತರಬೇಕು. ಹಗ್ಗ ಗೋಜಲಾದರೆ ಬಿಡಿಸಬೇಕು. ತಿಂದುಹೋದ ಕೊಕ್ಕೆಗೆ ಮತ್ತೆ ಸಿಕ್ಕಿಸಬೇಕು. ಇದೆಲ್ಲಾ ದೋಣಿಯಲ್ಲಿ, ಹುಟ್ಟು ಹಾಕಿಕೊಂಡು, ಮೋಟಾರಿಲ್ಲದೆ. ದೊಡ್ಡ ಮೀನು ಹಿಡಿಯೋಕೆ ಎಷ್ಟು ಹೊತ್ತು ಬೇಕೋ, ಅದಕ್ಕಿಂತ ಹೆಚ್ಚು ಹೊತ್ತು ಆ ಮೀನಿಗೆ ಊಟ ಬಡಿಸೋಕೇ ಹೋಗುತ್ತಿತ್ತು.

ಹಾಗಾಗಿ ಲೌರಿಯವರ ಮುಂದಿದ್ದ ಪ್ರಶ್ನೆ ತುಂಬಾ ಸರಳ. ಪ್ರತಿಸಲ ಬದಲಾಯಿಸದೆ, ಮತ್ತೆ ಮತ್ತೆ ಬಳಸಬಹುದಾದ ಎರೆ ಸಿಕ್ಕರೆ ದಿನದಲ್ಲಿ ಅರ್ಧ ಹೊತ್ತು ಉಳಿಯುತ್ತದೆ. ಉಳಿದ ಹೊತ್ತೆಲ್ಲಾ ಮನೆಗೆ ಊಟ.

ದೋಣಿಯಿಂದ ನೋಡಿದ್ದು

ದೋಣಿಯಲ್ಲಿ ತಿಂಗಳುಗಟ್ಟಲೆ ಇರುವವರಿಗೆ ನೀರಿನೊಳಗಿನ ನಡವಳಿಕೆ ಕಾಣತೊಡಗುತ್ತದೆ. ಸಣ್ಣ ಮೀನುಗಳು ಹಿಂಡು ಹಿಂಡಾಗಿ ಹೋಗುತ್ತಿರುತ್ತವೆ. ಪೈಕ್, ಟ್ರೌಟ್, ಪರ್ಚ್ ಥರದ ಬೇಟೆಗಾರ ಮೀನುಗಳು ಆ ಹಿಂಡಿನ ಮೇಲೆ ನುಗ್ಗುತ್ತವೆ. ನೂರಾರು ಮೀನುಗಳ ನಡುವೆ ಯಾವುದನ್ನು ಹಿಡಿಯುತ್ತವೆ? ಲೌರಿಯವರು ಗಮನಿಸಿದ್ದು ಇದನ್ನೇ. ನೆಟ್ಟಗೆ ಈಜುತ್ತಿರುವುದನ್ನು ಬಿಟ್ಟು, ಪೆಟ್ಟಾಗಿ ಓರೆಯಾಗಿ ಹೊಯ್ದಾಡುತ್ತಿರುವ ಒಂದನ್ನು ಹುಡುಕಿ ಹಿಡಿಯುತ್ತವೆ. ಕಡಿಮೆ ಓಡಾಟ, ಖಚಿತವಾದ ಊಟ. ಬೇಟೆಗಾರ ಮೀನಿಗೂ ತನ್ನದೇ ಲೆಕ್ಕಾಚಾರ ಇದೆ ಅಂತಾಯ್ತು.

ಅಂದ್ರೆ ಸುಳ್ಳು ಮೀನು ನೋಡೋಕೆ ಮೀನಿನ ಹಾಗಿದ್ದರೆ ಸಾಲದು. ಅದು ಗಾಯಗೊಂಡ ಮೀನಿನ ಹಾಗೆ ನಡೆಯಬೇಕು. ಇಲ್ಲಿಂದ ಮುಂದೆ ಲೌರಿಯವರು ಕೆತ್ತಿದ್ದು ಒಂದು ನಡಿಗೆಯನ್ನು ಅಂದರೂ ತಪ್ಪಾಗಲ್ಲ.

1936ರಲ್ಲಿ ಮೊದಲ ಲ್ಯೂರ್ ತಯಾರಾಯಿತು. ಸಾಮಾನು ಏನೇನು ಅಂದ್ರೆ: ಒಂದು ತುಂಡು ಕಾರ್ಕ್, ಅಂದ್ರೆ ಬೆಂಡು. ಕೆತ್ತೋಕೆ ಚಪ್ಪಲಿ ಹೊಲಿಯುವವರು ತೊಗಲು ಕತ್ತರಿಸೋ ಚಾಕು, ನಮ್ಮ ಕಡೆ ಅದಕ್ಕೆ ರಂಪಿಗೆ ಅಂತಾರೆ. ನುಣುಪು ಮಾಡೋಕೆ ಉಪ್ಪು ಕಾಗದ. ಮೀನಿನ ಹೊಳಪಿಗೆ ಚಾಕೊಲೇಟ್ ಸುತ್ತಿ ಬರುತ್ತಿದ್ದ ಬೇಗಡೆ. ಕೊನೆಗೆ, ಮೇಲಿನ ಪೊರೆಗೆ ಹಳೆಯ ಫೋಟೊ ನೆಗೆಟಿವ್‌ಗಳನ್ನು ಕರಗಿಸಿ ಮಾಡಿದ ಲೇಪ. ಅಂಗಡಿಯಿಂದ ಬಂದದ್ದು ಅಂತ ಹೇಳಬಹುದಾದದ್ದು ಬಹಳ ಕಡಿಮೆ. ಉಳಿದದ್ದು ಬೇರೆಯವರು ಎಸೆಯೋ ವಸ್ತು.

ನೆಗೆಟಿವ್ ಕರಗಿಸಿದ್ದು ಯಾಕೆ?

ಈ ಕೊನೆಯ ವಿಷಯ ಓದಿದಾಗ ನಮಗೆ ಮೊದಲು ಅನ್ನಿಸಿದ್ದು, ಇದೆಂಥಾ ವಿಚಿತ್ರ ಐಡಿಯಾ ಅಂತ. ಆಮೇಲೆ ಯೋಚನೆ ಮಾಡಿದರೆ ಒಳ್ಳೇ ಮೆಟೀರಿಯಲ್ ಸೈನ್ಸ್ ಇದೆ.

ಬೆಂಡು ಯಾಕೆ ಬೇಕು? ನೀರಿಗಿಂತ ತುಂಬಾ ಹಗುರ, ಹಾಗಾಗಿ ತೇಲುತ್ತದೆ. ಆದರೆ ಹಗುರವಾದ ವಸ್ತು ಮೆತ್ತಗಿರುತ್ತದೆ. ಪೈಕ್ ಮೀನಿನ ಬಾಯಲ್ಲಿ ಸೂಜಿಯಂಥ ಹಲ್ಲುಗಳ ಸಾಲೇ ಇರುತ್ತದೆ. ಅದು ಒಂದು ಸಲ ಕಚ್ಚಿದರೆ ಮೈಯೆಲ್ಲಾ ತೂತು. ಬೇಗಡೆಯನ್ನು ಬರೀ ಅಂಟಿಸಿದ್ದರೆ ಮೊದಲ ಕಚ್ಚಿಗೇ ಕಿತ್ತುಬರುತ್ತದೆ. ಒಳಗಿನ ಮರಕ್ಕೆ ನೀರು ಇಳಿದರೆ ಅದು ಊದಿಕೊಳ್ಳುತ್ತದೆ, ತೂಕ ಹೆಚ್ಚುತ್ತದೆ. 6 ಗ್ರಾಮಿನ ವಸ್ತುವಿಗೆ ಅರ್ಧ ಗ್ರಾಂ ನೀರು ಸೇರಿದರೂ ಸಮತೋಲ ಹೋಯ್ತು. ಸಮತೋಲ ಹೋದರೆ ನಡಿಗೆ ಹೋಯ್ತು. ನಡಿಗೆ ಹೋದರೆ ಅದು ಬಣ್ಣ ಬಳಿದ ಮರದ ತುಂಡು ಅಷ್ಟೇ, ಮೀನು ಹತ್ತಿರ ಬರಲ್ಲ.

ಆ ಕಾಲದ ಫೋಟೊ ಫಿಲ್ಮ್ ಮಾಡುತ್ತಿದ್ದುದು ಸೆಲ್ಯುಲೋಸಿನಿಂದ. ಹತ್ತಿಯಲ್ಲಿ, ಮರದಲ್ಲಿ ಇರುವ ಅದೇ ಸೆಲ್ಯುಲೋಸನ್ನು ರಾಸಾಯನಿಕವಾಗಿ ಬದಲಾಯಿಸಿದರೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಸಿಗುತ್ತದೆ. ಅದನ್ನು ಸರಿಯಾದ ದ್ರಾವಕದಲ್ಲಿ ಕರಗಿಸಿದರೆ ಗಂಜಿಯ ಹಾಗೆ ಆಗುತ್ತದೆ. ಹಚ್ಚಿ ಒಣಗಲು ಬಿಟ್ಟರೆ ದ್ರಾವಕ ಹಾರಿಹೋಗಿ ಗಟ್ಟಿಯಾದ, ಹೊಳೆಯುವ, ನೀರು ಬಿಡದ ಪೊರೆ ಉಳಿಯುತ್ತದೆ. 1920ರ ದಶಕದಲ್ಲಿ ಅಮೆರಿಕದ ಕಾರುಗಳ ಮೈಗೆ ಹೊಡೆಯುತ್ತಿದ್ದ ಹೊಸ ಬಣ್ಣವೂ ಇದೇ ಜಾತಿಯದು. ಡೆಟ್ರಾಯಿಟ್‌ನ ಕಾರ್ಖಾನೆಯಲ್ಲಿದ್ದ ತಂತ್ರವನ್ನು ಒಬ್ಬ ಮೀನುಗಾರ ಹಳೇ ನೆಗೆಟಿವ್ ಹಿಡಿದು ಸರೋವರದ ದಡದಲ್ಲಿ ಮಾಡಿಕೊಂಡರು. (ಹಾಸ್ಟೆಲ್‌ನಲ್ಲಿ ಯಾರೂ ಟ್ರೈ ಮಾಡಬೇಡಿ. ಹಳೆಯ ನೈಟ್ರೇಟ್ ಫಿಲ್ಮ್ ಹೊತ್ತಿಕೊಂಡರೆ ಆರಿಸೋದು ತುಂಬಾ ಕಷ್ಟ.)

ಇಲ್ಲಿ ಇನ್ನೊಂದು ತೊಡಕಿದೆ, ಅದು ಸಣ್ಣ ಲ್ಯೂರ್‌ಗಳಿಗೇ ವಿಶೇಷ. ಪೊರೆ ದಪ್ಪ ಇದ್ದಷ್ಟೂ ರಕ್ಷಣೆ ಜಾಸ್ತಿ. ಆದರೆ ಪೊರೆಗೂ ತೂಕ ಇದೆ. ಪೊರೆಯ ತೂಕ ಮೈಯ ಹೊರಮೈಗೆ ತಕ್ಕಂತೆ, ತೇಲುವ ಶಕ್ತಿ ಘನಗಾತ್ರಕ್ಕೆ ತಕ್ಕಂತೆ. ಲ್ಯೂರಿನ ಎಲ್ಲಾ ಅಳತೆಯನ್ನೂ ಅರ್ಧಕ್ಕೆ ಇಳಿಸಿದರೆ ಹೊರಮೈ ನಾಲ್ಕನೇ ಒಂದು ಭಾಗ ಆಗುತ್ತದೆ, ಘನಗಾತ್ರ ಎಂಟನೇ ಒಂದು ಭಾಗ. ಅಂದ್ರೆ ಅದೇ ದಪ್ಪದ ಪೊರೆ ಸಣ್ಣ ಲ್ಯೂರಿನ ಮೇಲೆ ಎರಡು ಪಟ್ಟು ಭಾರ ಅನ್ನಿಸುತ್ತದೆ. ಲ್ಯೂರ್ ಚಿಕ್ಕದಾದಷ್ಟೂ ಅದನ್ನು ಕಾಪಾಡೋದು ಕಷ್ಟ. ಲೌರಿಯವರು ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿದವರಲ್ಲ. ಕೆತ್ತಿ, ಹಚ್ಚಿ, ನೀರಿಗೆ ಬಿಟ್ಟು, ಮತ್ತೆ ಕೆತ್ತಿ ಕಲಿತರು.

ಒಂದೊಂದೇ ನೀರಿಗೆ

ಹೊಯ್ದಾಟ ಬರೋದು ಹೇಗೆ ಅಂತ ನೋಡೋಣ. ಮುಖದ ಮುಂದಿನ ತಗಡು ಓರೆಯಾಗಿರುತ್ತದೆ. ದಾರ ಎಳೆದಾಗ ನೀರು ಅದಕ್ಕೆ ಒತ್ತಿ ತಲೆಯನ್ನು ಕೆಳಗೆ ತಳ್ಳುತ್ತದೆ. ತಗಡಿನ ಎಡಬದಿಯಿಂದ ಒಂದು ಸುಳಿ, ಬಲಬದಿಯಿಂದ ಒಂದು ಸುಳಿ, ಹೀಗೆ ಸರದಿಯ ಮೇಲೆ ಕಳಚಿಕೊಳ್ಳುತ್ತವೆ. ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರಿಗೆ ಇದು ಗೊತ್ತು. ಒಂದು ಸುಳಿ ಮೈಯನ್ನು ಈ ಕಡೆ ಎಳೆಯುತ್ತದೆ, ಇನ್ನೊಂದು ಆ ಕಡೆ. ಮೇಲಿನ ಬೆಂಡು ತೇಲಿಸುತ್ತದೆ, ಕೆಳಗಿನ ಕೊಕ್ಕೆಗಳ ತೂಕ ಲೋಲಕದ ಹಾಗೆ ಮತ್ತೆ ನಡುವಿಗೆ ತರುತ್ತದೆ. ಮೈ ಹಗುರ ಇದ್ದರೆ ಮಾತ್ರ ಇಷ್ಟು ಸಣ್ಣ ಬಲಕ್ಕೆ ಅಲುಗಾಡುತ್ತದೆ. ಲೌರಿಯವರು ಬೆಂಡು, ಪೈನ್ ಮರದ ತೊಗಟೆ, ಆಮೇಲೆ ಬಾಲ್ಸಾ ಮರ, ಹೀಗೆ ಹಗುರವಾದದ್ದನ್ನೇ ಹುಡುಕಿಕೊಂಡು ಹೋದದ್ದಕ್ಕೆ ಕಾರಣ ಇದು.

ಆದರೆ ಬೆಂಡಾಗಲಿ ಮರವಾಗಲಿ ಕಾರ್ಖಾನೆಯ ಉಕ್ಕಲ್ಲ. ಒಂದು ತುಂಡು ಇನ್ನೊಂದರ ಹಾಗೆ ಇರಲ್ಲ. ಒಂದು ಕಡೆ ಸ್ವಲ್ಪ ಭಾರ, ಇನ್ನೊಂದು ಕಡೆ ಸ್ವಲ್ಪ ಟೊಳ್ಳು. ಅದೇ ಅಳತೆಗೆ ಕೆತ್ತಿದ ಎರಡು ಲ್ಯೂರ್ ಎರಡು ಥರ ಈಜುತ್ತವೆ. ಲೌರಿಯವರ ಉತ್ತರ ಏನಂದ್ರೆ, ಪ್ರತಿಯೊಂದನ್ನೂ ನೀರಿಗೆ ಬಿಟ್ಟು ನೋಡೋದು. ಓರೆ ಹೋದರೆ ಮೂಗಿನ ಬಳಿಯ ತಂತಿಯ ಉಂಗುರವನ್ನು ಒಂದು ಚೂರು ಬಗ್ಗಿಸೋದು. ಲ್ಯೂರ್ ಬಲಕ್ಕೆ ಎಳೆದರೆ ಉಂಗುರವನ್ನು ಎಡಕ್ಕೆ, ಎಡಕ್ಕೆ ಎಳೆದರೆ ಬಲಕ್ಕೆ. ಮತ್ತೆ ನೀರಿಗೆ. ನೆಟ್ಟಗೆ ಹೊಯ್ದಾಡುವ ತನಕ ಬಿಡೋದಿಲ್ಲ.

ಸ್ಯಾಂಪ್ಲಿಂಗ್ ಅಂತ ನಾವು ಓದ್ತೀವಲ್ಲ, ನೂರರಲ್ಲಿ ಐದು ತೆಗೆದು ನೋಡೋದು, ಅದು ಇಲ್ಲಿ ನಡೆಯಲ್ಲ. ಕೊಳ್ಳುವವನೂ ಅಂಥದ್ದೇ ಬಡ ಮೀನುಗಾರ. ಅವನು ಕೊಟ್ಟ ದುಡ್ಡಿಗೆ ಬರೋದು ಒಂದೇ ಲ್ಯೂರ್. ಅದೇ ಓರೆ ಹೋದರೆ ಅವನ ಪಾಲಿಗೆ ನೂರಕ್ಕೆ ನೂರು ಫೇಲ್.

ಯುದ್ಧ, ಮನೆ, ಕಾರ್ಖಾನೆ

1939ರ ಕೊನೆಯಲ್ಲಿ ಸೋವಿಯತ್ ಒಕ್ಕೂಟ ಫಿನ್ಲೆಂಡಿನ ಮೇಲೆ ಬಿದ್ದಿತು. ಚಳಿಗಾಲದ ಯುದ್ಧ ಅಂತ ಹೆಸರಾದ ಆ ಯುದ್ಧ 1940ರ ಮಾರ್ಚ್‌ನಲ್ಲಿ ಮುಗಿಯಿತು. 1941ರಿಂದ 1944ರ ತನಕ ಮತ್ತೊಂದು ಯುದ್ಧ. ದೇಶದಲ್ಲಿ ಎಲ್ಲದಕ್ಕೂ ಅಭಾವ. ಹೊರದೇಶದಿಂದ ಬರಬೇಕಾದ ಕಾರ್ಕ್ ಎಲ್ಲಿ ಸಿಗಬೇಕು? ಪೈನ್ ಮರದ ತೊಗಟೆ ಮಾತ್ರ ಊರ ಪಕ್ಕದ ಕಾಡಿನಲ್ಲೇ ಇತ್ತು. ಸಾಮಾನು ಬದಲಾದರೂ ನಡಿಗೆ ಅದೇ ಇರಬೇಕು. ಸಾಮಾನು ಬದಲಾದಾಗೆಲ್ಲಾ ಸಮತೋಲವನ್ನು ಮೊದಲಿಂದ ಹುಡುಕಬೇಕು.

ಯುದ್ಧ ಮುಗಿದಮೇಲೆ ಲ್ಯೂರ್ ಮಾಡೋದು ಮನೆಯ ಕಸುಬಾಯಿತು. ಗಂಡುಮಕ್ಕಳು ಕೈಹಾಕಿದರು. ಮುಂದೆ ರಿಸ್ತೊ, ಎನ್ಸಿಯೊ ಮುಂತಾದವರು ಇದನ್ನೇ ಜೀವನ ಮಾಡಿಕೊಂಡರು. ಕೆತ್ತನೆಗೆ ನಿಧಾನವಾಗಿ ಯಂತ್ರಗಳು ಬಂದವು. ರಂಪಿಗೆಯಿಂದ ಒಂದು ಕೆತ್ತುವ ಹೊತ್ತಿಗೆ ಯಂತ್ರ ಎಷ್ಟೋ ಕೆತ್ತುತ್ತದೆ. ಆದರೆ ನೀರಿಗೆ ಬಿಟ್ಟು ನೋಡುವ ಕೆಲಸವನ್ನು ಯಂತ್ರಕ್ಕೆ ಕೊಡಲಿಲ್ಲ. ಸರೋವರದ ಬದಲು ತೊಟ್ಟಿ ಬಂತು, ನೋಡುವ ಕಣ್ಣು ಮನುಷ್ಯನದೇ ಆಗಿ ಉಳಿಯಿತು.

1952ರಲ್ಲಿ ಹೆಲ್ಸಿಂಕಿಯಲ್ಲಿ ಒಲಿಂಪಿಕ್ಸ್ ನಡೆಯಿತು. ಹಾಕಿಯಲ್ಲಿ ನಮ್ಮ ದೇಶ ಚಿನ್ನ ಗೆದ್ದದ್ದು, ಕೆ.ಡಿ. ಜಾಧವ್ ಕುಸ್ತಿಯಲ್ಲಿ ಕಂಚು ಗೆದ್ದದ್ದು ಅದೇ ಒಲಿಂಪಿಕ್ಸ್‌ನಲ್ಲಿ. ಆಟ ನೋಡಲು ಬಂದ ವಿದೇಶಿಯರ ಚೀಲದಲ್ಲಿ ಒಂದಿಷ್ಟು ಸುಳ್ಳು ಮೀನುಗಳೂ ದೇಶ ಬಿಟ್ಟು ಹೊರಟವು.

ಅಮೆರಿಕದ ಮಿನಿಸೋಟಾ ರಾಜ್ಯ ಸರೋವರಗಳ ನಾಡು, ಡುಲೂತ್ ಕಡೆ ಫಿನ್ಲೆಂಡಿನಿಂದ ವಲಸೆ ಹೋದವರು ತುಂಬಾ ಜನ. 1959ರಲ್ಲಿ ಗಾಳದ ಸಾಮಾನು ಮಾರುವ ರಾನ್ ವೆಬರ್ ಅನ್ನುವವರ ಕಣ್ಣಿಗೆ ಅಲ್ಲಿ ಈ ಲ್ಯೂರ್ ಬಿತ್ತು. ಅವರೂ ಮಿನಿಯಾಪೊಲಿಸ್‌ನಲ್ಲಿ ಗಾಳದ ಅಂಗಡಿ ಇಟ್ಟಿದ್ದ ರೇ ಆಸ್ಟ್ರಮ್ ಅನ್ನುವವರೂ ಸೇರಿ ಫಿನ್ಲೆಂಡಿಗೆ ಪತ್ರ ಬರೆದು ತರಿಸತೊಡಗಿದರು. ಅಲ್ಲಿಂದ ಬೇಡಿಕೆ ಏರುತ್ತಾ ಹೋಯಿತು. ಕೆಲವು ಅಂಗಡಿಯವರು ಲ್ಯೂರನ್ನು ಮಾರುವ ಬದಲು ಡಿಪಾಸಿಟ್ ಇಟ್ಟುಕೊಂಡು ದಿನದ ಬಾಡಿಗೆಗೆ ಕೊಡುತ್ತಿದ್ದರಂತೆ. ಲೈಬ್ರರಿ ಪುಸ್ತಕದ ಹಾಗೆ ಸುಳ್ಳು ಮೀನು ಎರವಲು! ಸಂಜೆ ವಾಪಸ್ ಬರುವಾಗ ಪೊರೆ ಒಡೆದಿಲ್ಲ, ಕೊಕ್ಕೆ ಬಾಗಿಲ್ಲ ಅಂತ ಅಂಗಡಿಯವರು ಎಷ್ಟು ಜೋಪಾನವಾಗಿ ನೋಡಿರಬೇಕು, ನೀವೇ ಊಹಿಸಿ.

ಆಮೇಲೆ 1962ರ ಆಗಸ್ಟ್. ಅಮೆರಿಕದ ಪ್ರಸಿದ್ಧ ಲೈಫ್ ಪತ್ರಿಕೆ ಈ ಲ್ಯೂರಿನ ಬಗ್ಗೆ ಒಂದು ಲೇಖನ ಹಾಕಿತು. ಅದೇ ತಿಂಗಳ ಮೊದಲ ವಾರದಲ್ಲಿ ನಟಿ ಮರ್ಲಿನ್ ಮನ್ರೋ ತೀರಿಕೊಂಡಿದ್ದರು. 17ರ ಸಂಚಿಕೆಯ ಮುಖಪುಟದಲ್ಲಿ ಅವರ ಚಿತ್ರ. ಇಡೀ ಅಮೆರಿಕ ಆ ಸಂಚಿಕೆಯನ್ನು ಕೊಂಡು ಓದಿತು, ಒಳಗಿನ ಪುಟದಲ್ಲಿದ್ದ ಸುಳ್ಳು ಮೀನೂ ಜೊತೆಗೆ ಕಣ್ಣಿಗೆ ಬಿತ್ತು. ಆರ್ಡರ್‌ಗಳು ಮೂಟೆಗಟ್ಟಲೆ ಬಂದವು. ಒಬ್ಬರ ಸಾವಿನ ಸುದ್ದಿಯ ಬೆನ್ನಿಗೆ ಇನ್ನೊಬ್ಬರ ಅದೃಷ್ಟ ಬಂತು ಅನ್ನೋದು ಕೇಳೋಕೆ ಕಸಿವಿಸಿ. ಆದರೆ ನಡೆದದ್ದು ಹಾಗೆ.

ಇಲ್ಲೇ ನಮಗೆ ಲೌರಿಯವರ ಕಥೆಯ ಗಟ್ಟಿ ಭಾಗ ಕಾಣೋದು. ಸಣ್ಣ ಊರಿನ ಒಂದು ಮನೆಯ ಕಸುಬಿಗೆ ಖಂಡದಾಚೆಯಿಂದ ಅಷ್ಟು ಬೇಡಿಕೆ ಬಂದಾಗ, ಟೆಸ್ಟಿಂಗ್ ಬಿಟ್ಟುಬಿಡೋದು ಎಲ್ಲಕ್ಕಿಂತ ಸುಲಭದ ದಾರಿ. ದಿನಕ್ಕೆ ಎಷ್ಟೋ ಹೆಚ್ಚು ಕಳಿಸಬಹುದಿತ್ತು. ದೂರದ ಗಿರಾಕಿ, ಯಾರು ಬಂದು ಕೇಳ್ತಾರೆ? 1960ರ ದಶಕದಲ್ಲಿ ವ್ಯಾಕ್ಸಿ ಅನ್ನೋ ಪಕ್ಕದ ಊರಿನಲ್ಲಿ ದೊಡ್ಡ ಕಾರ್ಖಾನೆ ಬಂತು, ಯಂತ್ರಗಳು ಬಂದವು, ಕೆಲಸಗಾರರು ಬಂದರು. ನೀರಿನ ತೊಟ್ಟಿಯೂ ಜೊತೆಗೇ ಬಂತು. ಕೈಯಿಂದ ಸರಿಮಾಡಿ ನೀರಿನಲ್ಲಿ ಪರೀಕ್ಷಿಸಿದ್ದು ಅನ್ನುವ ಮಾತೇ ಆ ಲ್ಯೂರಿನ ಗುರುತಾಯಿತು.

ಡಬ್ಬಿಯ ಒಳಗೆ

ಆ ಕಾಲದಲ್ಲಿ ರಾಪಲಾ ಲ್ಯೂರ್ ಬರುತ್ತಿದ್ದುದು ಒಂದೊಂದಕ್ಕೆ ಒಂದೊಂದು ಪುಟ್ಟ ಡಬ್ಬಿಯಲ್ಲಿ. ಹತ್ತು ಲ್ಯೂರ್ ಒಂದೇ ಚೀಲದಲ್ಲಿ ಸುರಿದರೆ ಏನಾಗುತ್ತೆ? ಮೂರು ಮೊನೆಯ ಕೊಕ್ಕೆಗಳು ಒಂದಕ್ಕೊಂದು ಹೆಣೆದುಕೊಂಡು ಮುಳ್ಳುಹಂದಿಯ ಹಾಗೆ ಆಗುತ್ತವೆ. ಬಿಡಿಸೋಕೆ ಹೋದರೆ ಕೈಗೆ ಚುಚ್ಚುತ್ತದೆ. ಚುಚ್ಚದಿದ್ದರೂ ಒಂದರ ಕೊಕ್ಕೆ ಇನ್ನೊಂದರ ಪೊರೆಯನ್ನು ಗೀರುತ್ತದೆ. ಪೈಕ್ ಮೀನು ಹತ್ತು ಸಲ ಕಚ್ಚಿ ಮಾಡದ ಹಾನಿಯನ್ನು ಪಕ್ಕದ ಲ್ಯೂರ್ ಒಂದೇ ಪ್ರಯಾಣದಲ್ಲಿ ಮಾಡಿಬಿಡುತ್ತದೆ.

ಇವತ್ತಿಗೂ ಮರದ ಲ್ಯೂರ್ ಇಟ್ಟುಕೊಂಡವರು ಪಾಲಿಸುವ ನಿಯಮಗಳನ್ನು ನೋಡಿದರೆ, ಅವೆಲ್ಲಾ ಲೌರಿಯವರು ಎದುರಿಸಿದ ತೊಂದರೆಗಳಿಂದಲೇ ಬಂದಿವೆ ಅನ್ನಿಸುತ್ತದೆ. ಒದ್ದೆ ಲ್ಯೂರನ್ನು ಡಬ್ಬಿಗೆ ಹಾಕಿ ಮುಚ್ಚಬಾರದು. ಮುಚ್ಚಿದ ಡಬ್ಬಿಯಲ್ಲಿ ತೇವ ಎಲ್ಲೂ ಹೋಗಲ್ಲ, ಕೊಕ್ಕೆಗೆ ತುಕ್ಕು ಹಿಡಿಯುತ್ತದೆ, ಆ ತುಕ್ಕು ಪಕ್ಕದ ಲ್ಯೂರಿನ ಬಿಳಿ ಹೊಟ್ಟೆಗೂ ಕಲೆ ಮಾಡುತ್ತದೆ. ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡಬಾರದು. ಮರದೊಳಗಿನ ಗಾಳಿ ಹಿಗ್ಗಿ ಪೊರೆಯ ಮೇಲೆ ಗುಳ್ಳೆ ಏಳುತ್ತದೆ. ಪೊರೆಯಲ್ಲಿ ಬಿರುಕು ಕಂಡರೆ ಮೊದಲು ಪೂರ್ತಿ ಒಣಗಿಸಿ, ಆಮೇಲೆ ತೆಳುವಾಗಿ ವಾರ್ನಿಷ್ ಹಚ್ಚಬೇಕು. ಒದ್ದೆ ಇರುವಾಗಲೇ ಮುಚ್ಚಿದರೆ ನೀರನ್ನು ಒಳಗೆ ಬಂಧಿಸಿದ ಹಾಗೆ.

ಇನ್ನೊಂದು ನಿಯಮ ಕೆಮಿಕಲ್ ಗೆಳೆಯರಿಗೆ ಇಷ್ಟ ಆಗುತ್ತೆ. ರಬ್ಬರಿನ ಹಾಗೆ ಮೆತ್ತಗಿರುವ ಪ್ಲಾಸ್ಟಿಕ್ ಹುಳುಗಳ ಜೊತೆ ಈ ಬಣ್ಣದ ಲ್ಯೂರನ್ನು ಇಡಬಾರದು. ಆ ಹುಳುಗಳನ್ನು ಮೆತ್ತಗೆ ಇಡಲು ಸೇರಿಸಿದ ಎಣ್ಣೆಯಂಥ ಪ್ಲಾಸ್ಟಿಸೈಸರ್ ನಿಧಾನಕ್ಕೆ ಹೊರಗೆ ಬಂದು, ಮುಟ್ಟಿದ ಬಣ್ಣವನ್ನೂ ಮೆತ್ತಗೆ ಮಾಡುತ್ತದೆ. ಕೆಲವು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗಳೇ ಇದರಿಂದ ಕರಗಿ ಅಂಟಾಗುತ್ತವೆ. ಕರಗಿಸುವ ದ್ರಾವಕದಿಂದ ಹುಟ್ಟಿದ ಪೊರೆಗೆ ಕರಗಿಸುವ ದ್ರವವೇ ಶತ್ರು, ವಿಚಿತ್ರ ಅಲ್ವಾ?

ಕೊಕ್ಕೆ ತುಕ್ಕು ಹಿಡಿದರೆ ಬದಲಾಯಿಸಬಹುದು. ಆದರೆ ಅದೇ ತೂಕದ್ದೇ ಹಾಕಬೇಕು. ಗಟ್ಟಿಯಾಗಿರಲಿ ಅಂತ ಭಾರದ ಕೊಕ್ಕೆ ಹಾಕಿದರೆ ಹೊಯ್ದಾಟ ಮಂದವಾಗುತ್ತದೆ. ದಾರ ಕಟ್ಟುವಾಗಲೂ ಉಂಗುರಕ್ಕೆ ಬಿಗಿಯಾಗಿ ಗಂಟು ಹಾಕಿದರೆ ಮೂಗು ಕಟ್ಟಿದ ಹಾಗೆ. ಅದಕ್ಕೇ ಸಡಿಲವಾದ ಕುಣಿಕೆ ಬಿಟ್ಟು ಹಾಕುವ ಒಂದು ಗಂಟು ಇದೆ. ಅದರ ಹೆಸರೂ ರಾಪಲಾ ಗಂಟು ಅಂತಲೇ. ಅಂದ್ರೆ ಇಲ್ಲಿ ಕಾಪಾಡೋದು ಅಂದ್ರೆ ಹೇಗೋ ಗಟ್ಟಿ ಮಾಡೋದಲ್ಲ. ಆ 6 ಗ್ರಾಂ ಹೇಗೆ ಇತ್ತೋ ಹಾಗೇ ಉಳಿಸೋದು.

ಉಳಿದದ್ದು

ಲೌರಿ ರಾಪಲಾ 1974ರಲ್ಲಿ ತೀರಿಕೊಂಡರು. ಅವರಿಗೆ ಆಗ 68 ವರ್ಷ. ಮನೆಯ ಕಸುಬು ಆ ಹೊತ್ತಿಗೆ ಹೊರದೇಶಗಳಲ್ಲೂ ಹೆಸರಾಗಿತ್ತು. ಅವರು ಹೋದಮೇಲೆ ಎಂಟು ವರ್ಷಕ್ಕೆ, 1982ರಲ್ಲಿ, ಹೆಲ್ಸಿಂಕಿಗೆ ನೀರು ಒಯ್ಯುವ ಆ ಸುರಂಗ ಪೂರ್ತಿಯಾಯಿತು. ಅದು ಶುರುವಾಗುವುದು ಆಸಿಕ್ಕಲಾದ ಕಡೆಯಿಂದಲೇ. ಮೀನುಗಾರರೊಬ್ಬರು ನೂರಾರು ಕೊಕ್ಕೆಯ ಹಗ್ಗ ಎಳೆಯುತ್ತಾ ಸಣ್ಣ ಮೀನಿನ ಹೊಯ್ದಾಟ ನೋಡಿದ ಸರೋವರದ ನೀರು ಈಗ ರಾಜಧಾನಿಯ ನಲ್ಲಿಗಳಲ್ಲಿ ಬರುತ್ತದೆ.

ನಮ್ಮ ಮಿನಿ ಪ್ರಾಜೆಕ್ಟ್‌ಗಳ ರಿಪೋರ್ಟ್ ತೆಗೆದು ನೋಡಿ. ಐಡಿಯಾಗೆ ಒಂದು ಅಧ್ಯಾಯ, ಡಿಸೈನ್‌ಗೆ ಒಂದು, ರಿಸಲ್ಟ್‌ಗೆ ಒಂದು. ಡೆಮೊ ದಿನ ಕೆಲಸ ಮಾಡಿದರೆ ಮುಗೀತು. ಮುಂದಿನ ಮಳೆಗಾಲಕ್ಕೆ ಅದರ ಸೋಲ್ಡರಿಂಗ್ ಏನಾಗುತ್ತೆ, ಧೂಳು ಎಲ್ಲಿ ಕೂರುತ್ತೆ, ಅದನ್ನು ಎಂಥ ಡಬ್ಬಿಯಲ್ಲಿ ಇಡಬೇಕು, ಇದಕ್ಕೆಲ್ಲಾ ಅಧ್ಯಾಯ ಇರಲ್ಲ. ಲೌರಿಯವರಿಗೆ ಡೆಮೊ ದಿನ ಅಂತ ಒಂದು ದಿನ ಇರಲಿಲ್ಲ. ನಾಳೆ ಬೆಳಿಗ್ಗೆ ಅದೇ ಲ್ಯೂರ್ ಅದೇ ಥರ ಹೊಯ್ದಾಡದಿದ್ದರೆ ಮನೆಯಲ್ಲಿ ಮಕ್ಕಳಿಗೆ ಊಟ ಇರುತ್ತಿರಲಿಲ್ಲ. ಅವರಿಗೆ ಪೊರೆಯ ಬಗ್ಗೆ, ಉಂಗುರದ ಬಗ್ಗೆ ಅಷ್ಟು ತಾಳ್ಮೆ ಬಂದದ್ದು ಅಲ್ಲಿಂದ ಅಂತ ನಮಗೆ ಅನ್ನಿಸುತ್ತದೆ.

ರಾಪಲಾ ಲ್ಯೂರಿನ ಡಬ್ಬಿಯ ಮೇಲೆ ಒಂದು ಸಣ್ಣ ಸಂಖ್ಯೆ ಇರುತ್ತದೆ: 5, 7, 9, 11, 13. ಅದು ಸೆಂಟಿಮೀಟರಿನಲ್ಲಿ ಆ ಸುಳ್ಳು ಮೀನಿನ ಉದ್ದ, ಬೇರೇನಿಲ್ಲ. ಎಲ್ಲಾದರೂ ಕಂಡರೆ ಕೈಗೆ ತೆಗೆದುಕೊಂಡು ಮೂಗಿನ ಹತ್ತಿರದ ಉಂಗುರವನ್ನು ಗಮನಿಸಿ ನೋಡಿ. ಡಬ್ಬಿಗೆ ಹೋಗುವ ಮುಂಚೆ ಅದು ಒಂದು ಸಲ ನೀರಿಗೆ ಇಳಿದಿರುತ್ತದೆ, ಯಾರೋ ಕಣ್ಣಿಟ್ಟು ನೋಡಿರುತ್ತಾರೆ, ಬೇಕಾಗಿದ್ದರೆ ಒಂದು ಚೂರು ಬಗ್ಗಿಸಿರುತ್ತಾರೆ.